ಮೂರನೇ ತರಗತಿಯ ಐವತ್ತು ಪರ್ಸೆಂಟ್

ಕೂಡುವುದು, ಕಳೆಯುವುದು, ಗುಣಿಸುವುದು ಇವುಗಳ ಮೇಲೆ ನನಗೆ ಯಾವ ತಕರಾರೂ ಇಲ್ಲ. ನನ್ನನ್ನು ಕಾಡುವುದು ಪರ್ಸೆಂಟು. ಐದು ಬಾಳೆಹಣ್ಣು ಎಂದರೆ ಕಣ್ಣ ಮುಂದೆ ಐದು ಬಾಳೆಹಣ್ಣು ಕಾಣುತ್ತವೆ. ಐವತ್ತು ಪರ್ಸೆಂಟ್ ಎಂದರೆ ಏನೂ ಕಾಣುವುದಿಲ್ಲ. ಯಾರೋ ಬೈದ ಹಾಗೆ ಮಾತ್ರ ಕೇಳಿಸುತ್ತದೆ. ಟೀಚರಾಗಿ ಹೀಗೆ ಹೇಳಿಕೊಳ್ಳಬಾರದು, ಆದರೆ ನಿಮ್ಮ ಹತ್ತಿರ ಮುಚ್ಚಿಡುವುದೇನು?

ಪಿರಿಯಾಪಟ್ಟಣ ತಾಲ್ಲೂಕಿನಲ್ಲಿ, ಕೊಪ್ಪದ ಹತ್ತಿರ ಒಳಕ್ಕೆ ತಿರುಗುವ ರಸ್ತೆ ಎಲ್ಲಿ ಮುಗಿಯುತ್ತದೋ ಅಲ್ಲಿರುವ ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ನಾನು ಮುಖ್ಯ ಶಿಕ್ಷಕಿ. ಸಹ ಶಿಕ್ಷಕಿಯೂ ನಾನೇ ಆದ್ದರಿಂದ ನಮ್ಮಲ್ಲಿ ಸಿಬ್ಬಂದಿ ಜಗಳಗಳಿಲ್ಲ. ಎಲ್ಲ ತರಗತಿಗಳೂ ಒಂದೇ ಕೋಣೆಯಲ್ಲಿ. ಮೂರನೇ ತರಗತಿ ಕಿಟಕಿಯ ಪಕ್ಕ ಕೂರುತ್ತಿತ್ತು. ಅದರ ಹೆಸರು ರುಕ್ಸಾನಾ. ಅಂದರೆ ಆ ತರಗತಿಯಲ್ಲಿ ಇದ್ದವಳು ಅವಳೊಬ್ಬಳೇ. ಚೆನ್ನಾಗಿ ಓದುತ್ತಿದ್ದಳು. ಹಾಗಾಗಿ ಮೇಲಿನವರು ವಿವರ ಕೇಳಿದಾಗ, ಮೂರನೇ ತರಗತಿಯಲ್ಲಿ ಹೆಣ್ಣುಮಕ್ಕಳು ನೂರು ಪರ್ಸೆಂಟ್, ಅಲ್ಪಸಂಖ್ಯಾತರು ನೂರು ಪರ್ಸೆಂಟ್, ಕನ್ನಡ ಸರಾಗವಾಗಿ ಓದುವವರು ನೂರು ಪರ್ಸೆಂಟ್ ಎಂದು ಕಳಿಸಿದೆ. "ನೂರಕ್ಕೆ ನೂರು ಅವರೇ ಇದ್ರೆ ಅಲ್ಪಸಂಖ್ಯಾತರು ಹೇಗಾಗ್ತಾರೆ?" ಎಂದು ನಮ್ಮ ಯಜಮಾನರು ಕೇಳಿದರು. ನಾನು ಇನ್ನೊಂದು ಸೌಟು ಸಾರು ಬಡಿಸಿದೆ.

ಹೀಗಿರುವಾಗ ಚಿಕ್ಕತಾಯಮ್ಮ ಎಂಬ ಅಜ್ಜಿ ಮೊಮ್ಮಗಳು ಗೌರಿಯ ಕೈ ಹಿಡಿದುಕೊಂಡು ಬಂದಳು. "ಇವ್ರವ್ವ ಅಪ್ಪ ಸುಂಟಿ ಕೆಲ್ಸುಕ್ಕೆ ಅಂತ ಊರೂರು ತಿರುಗ್ತಾರೆ ಕಣವ್ವ. ಒಂದು ಇಸ್ಕೂಲಲ್ಲೂ ನೆಟ್ಟಗೆ ಕೂತಿಲ್ಲ ಮಗ. ಇನ್ಮೇಲೆ ನನ್ ತಾವೇ ಇರ್ತದೆ. ನೀವೇ ಏನಾರ ಮಾಡಿ" ಎಂದಳು. ವಯಸ್ಸಿಗೆ ಸರಿಯಾಗಿ ಗೌರಿಯನ್ನು ಮೂರನೇ ತರಗತಿಗೆ ಸೇರಿಸಿಕೊಂಡೆ. ನಮ್ಮ ಶಾಲೆಗಳ ಮೇಲ್ವಿಚಾರಣೆಯ ಸಾಹೇಬರು ಫೋನು ಮಾಡಿ, "ಮೇಡಂ, ಮೂರನೇ ತರಗತಿ ದಾಖಲಾತಿ ಡಬಲ್ ಆಗಿದೆ! ಎಲ್ಲ ಶಾಲೆಗಳೂ ನಿಮ್ಮನ್ನ ನೋಡಿ ಕಲೀಬೇಕು" ಎಂದು ಹೊಗಳಿದರು. ಮಕ್ಕಳು ಕಡಿಮೆಯಾದರೆ ಶಾಲೆಯನ್ನೇ ಪಕ್ಕದೂರಿಗೆ ಸೇರಿಸಿಬಿಡುತ್ತಾರೆಂಬ ಭಯದಲ್ಲಿದ್ದ ನಾನು ಅಂದು ಮನೆಯಲ್ಲಿ ಪಾಯಸ ಮಾಡಿದೆ.

ಅದೇ ಸಾಹೇಬರು ಸ್ವಲ್ಪ ದಿನಕ್ಕೆ ಮಕ್ಕಳ ಓದು ಪರೀಕ್ಷಿಸಲು ಬಂದರು. ರುಕ್ಸಾನಾ ಗಡಗಡನೆ ಓದಿದಳು. ಗೌರಿ ಪುಸ್ತಕವನ್ನು ನೋಡಿದಳು, ಸಾಹೇಬರನ್ನು ನೋಡಿದಳು, ಬಾಯಿ ಬಿಡಲಿಲ್ಲ. "ಏನ್ ಮೇಡಂ ಇದು? ನೂರು ಪರ್ಸೆಂಟ್ ಇದ್ದ ತರಗತಿ ಒಂದೇ ಏಟಿಗೆ ಐವತ್ತಕ್ಕೆ ಬಿದ್ದಿದೆ! ಸುತ್ತಮುತ್ತ ಯಾವ ಶಾಲೆಯೂ ಇಷ್ಟು ಬಿದ್ದಿಲ್ಲ" ಎಂದರು. ಮೊನ್ನೆ ಹೊಗಳಿಸಿಕೊಂಡಿದ್ದೂ ಈ ಹುಡುಗಿಯಿಂದಲೇ, ಇಂದು ಬೈಸಿಕೊಂಡಿದ್ದೂ ಈ ಹುಡುಗಿಯಿಂದಲೇ. ಅವಳು ಬಂದದ್ದು ನನಗೆ ಒಳ್ಳೆಯದಾಯಿತೋ ಕೆಟ್ಟದಾಯಿತೋ ತಿಳಿಯದೆ, ಸಾಹೇಬರಿಗೆ ಟೀ ಕೊಡುವ ಬದಲು ಡಸ್ಟರ್ ಕೊಟ್ಟೆ.

ಸಂಜೆ ಬೆಲ್ ಹೊಡೆದ ಮೇಲೆ ಗೌರಿಯನ್ನು ಜಗುಲಿಯಲ್ಲಿ ಕೂರಿಸಿಕೊಂಡು ಕಡಲೆಪುರಿ, ಹುರಿಗಡಲೆ ಮುಂದಿಟ್ಟು ಪಾಠ ಶುರು ಮಾಡಿದೆ. ಕರೆಯದಿದ್ದರೂ ರುಕ್ಸಾನಾ ಬಂದು ಪಕ್ಕದಲ್ಲಿ ಕೂತಳು. 'ಅ' ಬರೆದೆ, 'ಆ' ಬರೆದೆ, ಗೌರಿ ಪುರಿ ತಿಂದಳೇ ಹೊರತು ಮಾತಾಡಲಿಲ್ಲ. ಹೀಗೇ ನಡೆದಿರುವಾಗ ಒಂದು ಸಂಜೆ ತಾನಾಗಿಯೇ ಕೇಳಿದಳು: "ಮಿಸ್, ಗೋಣಿಕೊಪ್ಪದ ಬಸ್ಸು ಯಾವ್ದು ಅಂತ ಎಂಗೆ ಗೊತ್ತಾಯ್ತದೆ?"

"ಬೋರ್ಡ್ ಓದಬೇಕು ಕಣೇ. ಯಾಕೆ?"

"ನಮ್ಮವ್ವ ಅಲ್ಲವ್ಳೆ."

ಸುಲಭದ ಅಕ್ಷರ ಮೊದಲು, ಒತ್ತಕ್ಷರ ಆಮೇಲೆ ಎಂದು ನನಗೆ ತರಬೇತಿಯಲ್ಲಿ ಹೇಳಿಕೊಟ್ಟಿದ್ದಾರೆ. ಆದರೆ ಅವಳವ್ವ ಇರುವುದು ಒತ್ತಕ್ಷರದ ಊರಿನಲ್ಲಿ. ನಾನೇನು ಮಾಡಲಿ? ಮೊದಲು ಗೋಣಿಕೊಪ್ಪವನ್ನೇ ಬರೆದೆ. ಆಮೇಲೆ ಹುಣಸೂರು, ಕುಶಾಲನಗರ, ಪಿರಿಯಾಪಟ್ಟಣ. ಬಸ್ಸು ಹೋಗುವ ಊರುಗಳೆಲ್ಲ ಮುಗಿದು, ಗೌರಿ ಪಾಠದ ಪುಸ್ತಕಕ್ಕೆ ಬಂದಿಳಿದಳು.

ಇದರ ನಡುವೆ ರುಕ್ಸಾನಾಳ ತಂದೆ ನಯಾಜ್ ಬಂದರು. ಕೊಪ್ಪದಲ್ಲಿ ಹಾಸಿಗೆ ಹೊಲಿಯುವ ಅಂಗಡಿ ಅವರದು. "ಮೇಡಂ, ತಪ್ಪು ತಿಳ್ಕೋಬೇಡಿ. ಮಗಳನ್ನ ಕಾನ್ವೆಂಟಿಗೆ ಹಾಕೋಣ ಅಂತ" ಎಂದರು. ಓದುವವಳು ಹೋದರೆ ತರಗತಿ ಎಷ್ಟು ಪರ್ಸೆಂಟಿಗೆ ಬೀಳುತ್ತದೆ, ಶಾಲೆ ಉಳಿಯುತ್ತದೋ ಇಲ್ಲವೋ ಎಂದು ಒಳಗೊಳಗೇ ಲೆಕ್ಕ ಹಾಕುತ್ತಾ, "ನಿಮ್ಮಿಷ್ಟ ನಯಾಜಣ್ಣ" ಎಂದೆ. ಅವರು ತಲೆ ಕೆರೆದುಕೊಂಡರು. "ನನ್ನಿಷ್ಟ ಎಲ್ಲಿ ಮೇಡಂ ನಡೀತದೆ? ಗೌರಿ ಬಂದ್ರೇನೇ ನಾನೂ ಹೋಗೋದು ಅಂತಾಳೆ. ಊಟಾನೇ ಮಾಡ್ಲಿಲ್ಲ ನಿನ್ನೆ. ಇಲ್ಲೇ ಇರ್ಲಿ ಬಿಡಿ." ತರಗತಿಯನ್ನು ಐವತ್ತಕ್ಕೆ ಇಳಿಸಿದವಳೇ ಶಾಲೆಯನ್ನು ಉಳಿಸಿದ್ದಳು. ಇದನ್ನು ಯಾವ ಕಾಲಂನಲ್ಲಿ ತೋರಿಸುವುದೋ ನನಗಿನ್ನೂ ತಿಳಿದಿಲ್ಲ.

ಸಾಹೇಬರು ಮತ್ತೆ ಬಂದರು. ಈ ಸಲ ನಾನು ಹೊಸ ಸೀರೆ ಉಟ್ಟಿದ್ದೆ. ಗೌರಿ ಎದ್ದು ನಿಂತು, ಬೆರಳಿಟ್ಟುಕೊಂಡು, ನಿಧಾನವಾಗಿ ಪುಟ ಪೂರ್ತಿ ಓದಿದಳು. ನನ್ನ ಕಣ್ಣು ಮಂಜಾಯಿತು. "ಭೇಷ್!" ಎಂದ ಸಾಹೇಬರು ರುಕ್ಸಾನಾಳತ್ತ ತಿರುಗಿದರು. ಅವಳು ಪುಸ್ತಕ ನೋಡಿದಳು, ಸಾಹೇಬರನ್ನು ನೋಡಿದಳು, ತುಟಿ ಬಿಗಿದು ನಿಂತಳು. ಗದರಿದರೂ ಇಲ್ಲ, ಪುಸಲಾಯಿಸಿದರೂ ಇಲ್ಲ. ಸಾಹೇಬರು ನಿಟ್ಟುಸಿರು ಬಿಟ್ಟರು. "ಅದೇ ಐವತ್ತು ಮೇಡಂ. ಏನೂ ಪ್ರಗತಿ ಇಲ್ಲ."

ಅವರ ಬೈಕು ಮರೆಯಾದ ಮೇಲೆ ರುಕ್ಸಾನಾಳನ್ನು ಕೇಳಿದೆ: "ಯಾಕೇ ಓದಲಿಲ್ಲ?"

"ಇಬ್ರೂ ಓದಿದ್ರೆ ಸಂಜೆ ಪಾಠ ನಿಲ್ಲಿಸ್ಬಿಡ್ತೀರಲ್ಲ ಮಿಸ್" ಎಂದಳು. ನಿಲ್ಲಿಸುವುದಿಲ್ಲ ಎಂದು ಮಾತು ಕೊಟ್ಟೆ. ಕೊಟ್ಟದ್ದೇ ತಡ, ಅವಳು ಅದೇ ಪುಟವನ್ನು ಉಸಿರು ಬಿಡದೆ ಓದಿ ಮುಗಿಸಿದಳು. ಕೇಳಿಸಿಕೊಳ್ಳಲು ನಾನು, ಗೌರಿ ಮತ್ತು ಮೊಮ್ಮಗಳನ್ನು ಕರೆದೊಯ್ಯಲು ಬಂದಿದ್ದ ಚಿಕ್ಕತಾಯಮ್ಮ ಮಾತ್ರ ಇದ್ದೆವು.

"ನಮ್ ಗೌರಿ ಪಾಸಾದ್ಲಾ ಮೇಡಂ?" ಎಂದಳು ಚಿಕ್ಕತಾಯಮ್ಮ.

"ಪಾಸು ಕಣಮ್ಮ."

"ಈ ಮಗ?"

"ಇವಳೂ ಪಾಸು."

"ಮತ್ತೆ ಗೇಟ್ ತಾವ ಸಾಯೇಬ್ರು ಯಾರೋ ಫೇಲು ಅಂತ ಬೈಕೊಂಡು ಹೋದ್ರಲ್ಲ, ಅದ್ಯಾರು?"

ಹೊಸ ಸೀರೆಯ ನೆರಿಗೆ ಸರಿಮಾಡಿಕೊಂಡೆ. ಬೇರೆ ಯಾರೂ ಉಳಿದಿರಲಿಲ್ಲ.

"ನಾನೇ ಇರ್ಬೇಕು ಕಣಮ್ಮ" ಎಂದೆ.