ಮಾದಮ್ಮನ ಚೀಲಕ್ಕೆ ನಾನು ಸುರಿದ ಚಹಾ ಎಲೆ

ಗಂಗಾವತಿ ಹತ್ತಿರದ ಸಿದ್ದಾಪುರದಲ್ಲಿ ಮೂವತ್ತು ವರ್ಷದಿಂದ ಕಾಲುವೆ ನೀರಿನಲ್ಲಿ ಭತ್ತ ಬೆಳೆಯುತ್ತಿದ್ದೇನೆ. ಹಸಿರಾಗಿ ಬೆಳೆಯುವ ಯಾವುದರ ಬಗ್ಗೆಯೂ ನನಗೆ ಯಾರೂ ಏನನ್ನೂ ಹೇಳಿಕೊಡಬೇಕಾಗಿಲ್ಲ ಎಂಬುದು ಹೋದ ತಿಂಗಳವರೆಗೆ ನನ್ನ ದೃಢ ನಂಬಿಕೆಯಾಗಿತ್ತು.

ಗಂಗಾವತಿ ಕಡೆ ಬೆಟ್ಟ, ಗುಡಿ ನೋಡಲು ಬರುವ ಪ್ರವಾಸಿಗರನ್ನು ನಮ್ಮ ಗದ್ದೆಗೂ ಕರೆದು, ನಾಟಿ ಮಾಡಿಸಿ, ಊಟ ಹಾಕಿ ಕಳಿಸಬೇಕೆಂಬ ಯೋಜನೆ ನನ್ನ ತಲೆಯಲ್ಲಿತ್ತು. ಅದನ್ನು ಈಗಾಗಲೇ ಮಾಡುತ್ತಿರುವವರನ್ನು ನೋಡಿ ಬರೋಣವೆಂದು ಹೆಂಡತಿ ಶಾಂತಾಳೊಂದಿಗೆ ನೀಲಗಿರಿ ಕಡೆಯ ಒಂದು ಚಹಾ ಊರಿಗೆ ಹೋದೆ. ಇಳಿದುಕೊಂಡದ್ದು ಕಮಲಮ್ಮ ಎಂಬವರ ಮನೆಯಲ್ಲಿ. ಅವರು ಮೈಸೂರು ಕಡೆಯಿಂದ ಮದುವೆಯಾಗಿ ಬಂದವರು, ಮಾತಿಗೆ ತೊಂದರೆಯಿರಲಿಲ್ಲ. ಮನೆಯ ಹಿಂದೆಯೇ ತೋಟ. ಅತಿಥಿಗಳು ಬೆಳಿಗ್ಗೆ ಒಂದು ತಾಸು ಎಲೆ ಕಿತ್ತು, ಅದನ್ನೇ ಬಾಣಲೆಯಲ್ಲಿ ಹುರಿದು ಚಹಾ ಮಾಡಿ ಕುಡಿಯಬಹುದು.

"ತುದೀಲಿ ಒಂದು ಕುಡಿ, ಅದರ ಕೆಳಗೆ ಎರಡು ಎಳೆ ಎಲೆ. ಅಷ್ಟೇ ಕೀಳಬೇಕು," ಎಂದು ಕಮಲಮ್ಮ ತೋರಿಸಲು ಬಂದರು.

"ಅಕ್ಕಾರ, ನಮಗ ಎಲಿ ಕೀಳೂದು ಹೇಳಿಕೊಡ್ತೀರೇನ್ರಿ? ಸಣ್ಣವರಿದ್ದಾಗಿಂದ ಪುಂಡಿಪಲ್ಲೆ ಕಿತ್ತು ಬೆಳದವ್ರು ನಾವು!" ಎಂದೆ.

"ಒಂಚೂರು ಕೇಳ್ರಿ," ಎಂದಳು ಶಾಂತಾ.

ಕೇಳಲಿಲ್ಲ.

ರೆಂಬೆಯ ತುದಿ ಹಿಡಿದು, ಇನ್ನೊಂದು ಕೈಯಿಂದ ಎಲೆಗಳನ್ನು ಒಂದೇ ಎಳೆತಕ್ಕೆ ಜಗ್ಗುವ ನಮ್ಮೂರ ಪದ್ಧತಿಯನ್ನು ಆ ಬೆಟ್ಟದಲ್ಲಿ ಜಾರಿಗೆ ತಂದೆ. ಅರ್ಧ ತಾಸಿನಲ್ಲಿ ಚೀಲ ತುಂಬಿತು. ಶಾಂತಾಳ ಚೀಲದಲ್ಲಿ ಎರಡು ಹಿಡಿ ಎಲೆ. ಅವಳ ಬಗ್ಗೆ ಕನಿಕರವಾಯಿತು.

ಪಕ್ಕದ ಸಣ್ಣ ತೋಟದಲ್ಲಿ ಮಾದಮ್ಮ ಎಂಬ ಮುದುಕಿ ತನ್ನ ಎಲೆ ಕೀಳುತ್ತಿದ್ದಳು. ಬೆಳಕು ಹರಿದಾಗಿನಿಂದ ದುಡಿದರೂ ಅವಳ ದೊಡ್ಡ ಚೀಲ ಇನ್ನೂ ಅರ್ಧ. ಅವಳು ನೀರು ಕುಡಿಯಲು ಹೋದಾಗ ನನ್ನೊಳಗಿನ ಪರೋಪಕಾರಿ ಎದ್ದು ಕುಳಿತ. ನನ್ನ ಎಲೆಯನ್ನೆಲ್ಲ ಅವಳ ಚೀಲಕ್ಕೆ ಸುರಿದೆ. ಸಾಲದ್ದಕ್ಕೆ ಕೈಹಾಕಿ ಚೆನ್ನಾಗಿ ಕಲಸಿದೆ!

ಮಧ್ಯಾಹ್ನ ಕಾರ್ಖಾನೆಗೆ ಎಲೆ ಒಯ್ಯುವ ಗಾಡಿ ಬಂತು. ಗಾಡಿಯವನು ಮಾದಮ್ಮನ ಚೀಲದಿಂದ ಒಂದು ಹಿಡಿ ತೆಗೆದು ನೋಡಿ, ಚೀಲವನ್ನು ಕೆಳಗಿಟ್ಟ. ತಮಿಳಿನಲ್ಲಿ ಏನೋ ಅಂದ.

"ಏನಂತಾನ್ರಿ?" ಎಂದೆ.

"ದನಕ್ಕೆ ಹಾಕಿ ಅಂತಾನೆ," ಎಂದರು ಕಮಲಮ್ಮ.

ಮಾದಮ್ಮ ಜಗಳವಾಡಲಿಲ್ಲ. ಚೀಲದ ಬಾಯಿ ಬಿಡಿಸಿ, ಆ ಒರಟು ಎಲೆಗಳನ್ನು ನೋಡಿ, ತನ್ನ ಬೆರಳುಗಳನ್ನು ನೋಡಿಕೊಂಡಳು. ಕಣ್ಣು ಮಂಜಾಗಿ ತಾನೇ ಹೀಗೆ ಕಿತ್ತೆನೇನೋ ಎಂದು ಆಕೆಗೆ ಅನುಮಾನ ಬಂದಿತ್ತು. ಆಗಲೇ ಬಾಯಿಬಿಡಬೇಕಿತ್ತು. ನಾನು ಬೆಟ್ಟದ ಸೌಂದರ್ಯ ನೋಡುತ್ತ ನಿಂತೆ.

"ನೀವು ಹೇಳ್ತೀರೋ, ನಾ ಹೇಳ್ಲೋ?" ಎಂದಳು ಶಾಂತಾ, ನನ್ನ ಖಾಲಿ ಚೀಲವನ್ನು ಎತ್ತಿ ಹಿಡಿದು.

ಹೇಳಿದೆ. ಇಷ್ಟು ಸಣ್ಣ ಧ್ವನಿ ನನ್ನಲ್ಲಿದೆಯೆಂದು ನನಗೇ ಗೊತ್ತಿರಲಿಲ್ಲ. ಕಮಲಮ್ಮ ಅದನ್ನು ಮಾದಮ್ಮನಿಗೂ ಗಾಡಿಯವನಿಗೂ ತಿಳಿಸಿದರು. ಮೇಲಿನ ಊರುಗಳನ್ನು ಮುಗಿಸಿ ಐದಕ್ಕೆ ಇದೇ ದಾರಿಯಲ್ಲಿ ಇಳಿಯುತ್ತೇನೆ, ಅಷ್ಟರಲ್ಲಿ ಒರಟು ಎಲೆ ಆರಿಸಿ ತೆಗೆದಿಟ್ಟರೆ ಒಯ್ಯುತ್ತೇನೆ ಎಂದು ಅವನು ಹೋದ.

ತಾಡಪಾಲು ಹಾಸಿ, ಎಲೆ ಹರವಿ ನಾಲ್ವರೂ ಕುಳಿತೆವು. ಹೆಂಗಸರ ಕೈ ಮಿಂಚಿನಂತೆ ಓಡುತ್ತಿತ್ತು. ನಾನು ಆರಿಸಿದ್ದನ್ನು ಕಮಲಮ್ಮ ಒಮ್ಮೆ ಕೆದಕಿ ನೋಡಿ, "ಸಾರ್, ಒಳ್ಳೇದನ್ನೆಲ್ಲ ಎಸೆದಿದ್ದೀರಲ್ಲ!" ಎಂದರು. ಅಲ್ಲಿಂದ ನನ್ನನ್ನು ಎಬ್ಬಿಸಲಾಯಿತು. ಅಷ್ಟರಲ್ಲಿ ತುಂತುರು ಮಳೆ ಶುರುವಾಗಿ, ಎಲೆಯ ಮೇಲೆ ಛತ್ರಿ ಹಿಡಿಯುವ ಜವಾಬ್ದಾರಿ ನನಗೆ ಸಿಕ್ಕಿತು. ನಾನು ತೊಯ್ದೆ. ಎಲೆ ತೊಯ್ಯಲಿಲ್ಲ. ಇಂಥ ಅತಿಥಿಯೊಬ್ಬ ಬಂದು ನನ್ನ ಸಸಿಮಡಿಗೆ ಉಪಕಾರ ಮಾಡಿದರೆ ಏನು ಗತಿ ಎಂದು ಯೋಚಿಸುತ್ತ ನಿಂತೆ. ಸಿದ್ದಾಪುರದ ಯೋಜನೆ ಛತ್ರಿಯ ಕೆಳಗೇ ಮುಗಿಯಿತು.

ಐದಕ್ಕೆ ಗಾಡಿ ಬಂತು. ಗಾಡಿಯವನು ಒಂದು ಹಿಡಿ ತೆಗೆದ, ನೋಡಿದ, ಚೀಲವನ್ನು ಗಾಡಿಗೆ ಹಾಕಿದ. ಮಾದಮ್ಮ ಶಾಂತಾಳ ಎರಡೂ ಕೈ ಹಿಡಿದುಕೊಂಡಳು. ನಾನು ಛತ್ರಿ ಮಡಿಚಿದೆ.

ಮರುದಿನ ಹೊರಟಾಗ ಮಾದಮ್ಮ ಬೇಲಿಯ ಹತ್ತಿರ ಬಂದು ಏನೋ ಕೇಳಿದಳು. "ಊರಲ್ಲಿ ನಿಮ್ಮ ಕೆಲಸ ಏನು ಅಂತ ಕೇಳ್ತಾಳೆ," ಎಂದರು ಕಮಲಮ್ಮ.

ಬೇಸಾಯ ಎನ್ನಲು ಬಾಯಿ ತೆರೆದೆ. ಸಮಸ್ತ ರೈತರ ಮಾನ ಕಣ್ಣ ಮುಂದೆ ಬಂತು.

"ಸಾಲಿ ಮಾಸ್ತರ," ಎಂದೆ.

ಬಸ್ಸು ಎರಡು ತಿರುವು ಇಳಿಯಿತು. ಶಾಂತಾ ಕೇಳಿದಳು:

"ಪಾಪ, ಮಾಸ್ತರ ಮಂದಿ ನಿಮಗ ಏನ್ ಮಾಡ್ಯಾರ್ರಿ?"