ಅತ್ತೆಯವರ ಪತ್ತೇದಾರಿ ಪಾರಾಯಣ

ಕಾದಂಬರಿ ಓದುವವರಲ್ಲಿ ಎರಡು ಜಾತಿ. ಮಾಲಿಕೆಯ ಮೊದಲ ಭಾಗ ಸಿಗುವ ತನಕ ಎರಡನೆಯದನ್ನು ಮುಟ್ಟದವರು ಒಂದು, ಕೈಗೆ ಸಿಕ್ಕ ಭಾಗವನ್ನು ಸಿಕ್ಕ ಹಾಗೆ ಓದಿ ಮುಗಿಸುವವರು ಇನ್ನೊಂದು. ನಾನು ಎರಡನೆಯ ಜಾತಿಯವನು. ತಪ್ಪು ನನ್ನದಲ್ಲ, ಸೊಲ್ಲಾಪುರದ್ದು. ಇಲ್ಲಿ ಕನ್ನಡ ಪುಸ್ತಕ ಬೇಕೆಂದರೆ ವಿಜಯಪುರಕ್ಕೆ ಹೋಗಿಬರುವವರ ಕೈಕಾಲು ಹಿಡಿಯಬೇಕು, ಯಾವ ಭಾಗ ತಂದರೂ ಪ್ರಸಾದವೆಂದು ಕಣ್ಣಿಗೊತ್ತಿಕೊಳ್ಳಬೇಕು. ಅತ್ತರ ಬಸಪ್ಪ ನನ್ನ ಮನೆಗೆ ಬಂದದ್ದು ಹೀಗೆಯೇ. ಬಸಪ್ಪನೆಂದರೆ ಒಂದು ಪತ್ತೇದಾರಿ ಮಾಲಿಕೆಯ ನಾಯಕ, ಆದಿಲಶಾಹಿ ಕಾಲದ ಅತ್ತರ ವ್ಯಾಪಾರಿ, ಕೊಲೆಗಾರನನ್ನು ಮೂಗಿನಿಂದಲೇ ಹಿಡಿಯುವ ಗಟ್ಟಿಗ. ನಾನು ಅವನ ಮುಪ್ಪನ್ನು ಮೊದಲು ಓದಿ, ಆಮೇಲೆ ಅವನ ಮದುವೆಯುಂಡೆ. ಆದ ನಷ್ಟ ಒಂದೇ. ಮೊದಲ ಭಾಗದ ಕೊಲೆಗಾರ ಖಜಾಂಚಿ ಎಂಬುದು ಆರನೆಯ ಭಾಗದಿಂದ ನನಗೆ ಮುಂಚೆಯೇ ತಿಳಿದುಹೋಗಿತ್ತು. ಆ ಪುಟದಲ್ಲಿ ಬೆಚ್ಚಿಬೀಳುವ ಸುಖ ತಪ್ಪಿಹೋಯಿತಲ್ಲ ಎಂದು ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಹೀಗಿರುವಾಗ ಚಪಳಗಾಂವದಿಂದ ನಮ್ಮ ಅತ್ತೆಯವರು ಕಣ್ಣಿನ ಪೊರೆ ತೆಗೆಸಿಕೊಳ್ಳಲು ನಮ್ಮಲ್ಲಿಗೆ ಬಂದರು. ಕೆಲವು ದಿನ ಟೀವಿ ಇಲ್ಲ, ಪೋಥಿ ಪುರಾಣ ಓದುವಂತಿಲ್ಲ ಎಂದರು ಡಾಕ್ಟರು. ಅತ್ತೆಯವರು ಅಕ್ಕಲಕೋಟದಲ್ಲಿ ಪಾರಾಯಣಕ್ಕೆ ಕೂತರೆ ಅಧ್ಯಾಯ ಮುಗಿಯುವ ತನಕ ನೀರೂ ಕುಡಿಯದ ಹೆಂಗಸು. ಅಂಥವರು ಗೋಡೆ ನೋಡುತ್ತ ಕೂತದ್ದು ಕಂಡು ಹೆಂಡತಿಗೆ ಕರುಳು ಚುರುಕ್ ಎಂದಿತು. "ರೀ, ಅವ್ವಗ ನಿಮ್ಮ ಬಸಪ್ಪನ್ನರ ಓದಿ ಹೇಳ್ರಿ" ಎಂದಳು. ನಮ್ಮ ಮನೆಯಲ್ಲಿ ಮಾತೆಲ್ಲ ಕನ್ನಡ, ಓದೆಲ್ಲ ಮರಾಠಿ. ಕನ್ನಡ ಅಕ್ಷರ ಬಲ್ಲವನು ನಾನೊಬ್ಬನೇ ಎಂಬ ಜಂಭ ಬೇರೆ ಇತ್ತು. ಆ ಮೊದಲ ಭಾಗದ ಕೊನೆಯಲ್ಲಿ ಇವರಾದರೂ ಬೆಚ್ಚಿಬೀಳಲಿ, ಆ ಮುಖವನ್ನು ನಾನು ಕಣ್ತುಂಬ ನೋಡಬೇಕು ಎಂಬ ಆಸೆಯಿಂದ ಒಪ್ಪಿಕೊಂಡೆ.

ಆದರೆ ಅತ್ತೆಯವರು ಮೊದಲು ಕೇಳಿದ್ದು, "ಬಸಪ್ಪ ಹುಟ್ಟಿದ ಕಥಿ ಯಾವದರಾಗ ಐತ್ರಿ ಅಳಿಯಂದ್ರ?" ಎಂದು.

"ಅದು ಆರನೇದ್ರಾಗ ಐತ್ರಿ. ಲೇಖಕರು ಬಾಲ್ಯ ಹಿಂದಾಗಡೆ ಬರದಾರ."

"ಹಂಗಾದ್ರ ಆರನೇದ್ದು ಮೊದಲ ಓದ್ರಿ. ಮನಶಾ ಮೊದಲ ಹುಟ್ಟತಾನೋ, ಮೊದಲ ಖೂನ ಹುಡುಕತಾನೋ?"

"ಬರದವರಿಗೆ ತಿಳಿಯೂದಿಲ್ಲೇನವ್ವಾ?" ಎಂದು ಹೆಂಡತಿ ನನ್ನ ಪಕ್ಷ ವಹಿಸಿದಳು. "ಪೋಥಿ ನಡುವಿಂದ ಓದಿದ್ರ ಫಲ ಇಲ್ಲ" ಎಂದುಬಿಟ್ಟರು ಅತ್ತೆಯವರು. ವ್ಯಾಸಪೀಠದ ಮೇಲೆ ಆರನೆಯ ಭಾಗ ಏರಿತು, ಊದಿನಕಡ್ಡಿ ಹಚ್ಚಿದರು. ನಾನು ಕಾಲು ತೊಳೆದು ಕೂತೆ. ನಡುವೆ ಫೋನು ಬಂದು ಎದ್ದರೆ ಆ ಅಧ್ಯಾಯ ಮತ್ತೆ ಮೊದಲಿನಿಂದ. ಹೆಣ ಸಿಕ್ಕ ಅಧ್ಯಾಯ ಮುಗಿದಾಗಲೂ ಕೈಮುಗಿದು ಶೇಂಗಾ ಬೆಲ್ಲ ಹಂಚಿದರು.

ಇನ್ನು ನನ್ನ ಸಂಕಟ ಕೇಳಿ. ಆರನೆಯ ಭಾಗದ ತುಂಬ 'ಮುಂದೆ ವಿಷವಿಕ್ಕಲಿದ್ದ ಈ ಖಜಾಂಚಿ' ಎಂದು ಲೇಖಕ ಬಾಯಿಬಿಟ್ಟಿದ್ದಾನೆ. ಓದಿದರೆ ಮುಂದಿನ ಸುಖ ಮಣ್ಣುಪಾಲು. ಖಜಾಂಚಿ ಬಂದಲ್ಲೆಲ್ಲ ನಾನು ಮಾವುತ ಎಂದು ಓದತೊಡಗಿದೆ. ಒಂದು ಸುಳ್ಳಿನ ಹಿಂದೆ ಹತ್ತು ಸುಳ್ಳು. ಮಾವುತ ಸೊಂಟದಿಂದ ಬೀಗದಕೈ ತೆಗೆದು ಖಜಾನೆ ತೆರೆದ. "ಅಷ್ಟೊತ್ತು ಆನಿ ಎಲ್ಲಿ ನಿಂತಿತ್ರಿ?" ಎಂದರು ಅತ್ತೆಯವರು. "ಬಾಗಲದಾಗ" ಎಂದೆ. "ಪಾಪ, ಅದಕ್ಕ ಮೇವು ಯಾರು ಹಾಕಿದ್ರು?" ಅದಕ್ಕೂ ಒಬ್ಬ ಆಳನ್ನು ಹುಟ್ಟಿಸಿದೆ. ಬ್ಯಾಂಕಿನ ಗುಮಾಸ್ತನಲ್ಲಿ ಇಷ್ಟು ದೊಡ್ಡ ಕಾದಂಬರಿಕಾರ ಅಡಗಿದ್ದನೆಂದು ನನಗೇ ಗೊತ್ತಿರಲಿಲ್ಲ.

ಅಂತೂ ಆರನೆಯದು ಮುಗಿದು ಮೊದಲ ಭಾಗದ ಕೊನೆಯ ಪುಟ ಬಂತು. "ವಿಷವಿಕ್ಕಿದವನು ಖಜಾಂಚಿ!" ಎಂದು ಗುಡುಗಿದೆ. "ಅಯ್ಯಯ್ಯ ಶಿವನ! ಅಂವಾ ಏನ್ರಿ?" ಎಂದು ಅತ್ತೆಯವರು ಬಾಯಿಯ ಮೇಲೆ ಕೈಯಿಟ್ಟುಕೊಂಡರು. ಆಹಾ, ನನಗಾದ ಆನಂದ! ಉಳಿದ ಭಾಗಗಳನ್ನೂ ಅದೇ ಹುರುಪಿನಲ್ಲಿ ಓದಿ ಮುಗಿಸಿದೆ. ಅಷ್ಟರಲ್ಲಿ ನಾನೂ ಓದದ ಏಳನೆಯ ಭಾಗ ವಿಜಯಪುರದಿಂದ ಬಂತು. ಆದಿತವಾರ ಶುರುಮಾಡೋಣವೆಂದು ಎತ್ತಿಟ್ಟೆ.

ಶನಿವಾರ ಮಧ್ಯಾಹ್ನ ಮನೆಗೆ ಬಂದು ನೋಡಿದರೆ ಅತ್ತೆಯವರು ಹೊಸ ಚಷ್ಮಾ ಹಾಕಿಕೊಂಡು ಏಳನೆಯ ಭಾಗದ ಕಡೆಯ ಪುಟದಲ್ಲಿದ್ದಾರೆ.

"ಅತ್ತ್ಯಾರ! ನಿಮಗ ಕನ್ನಡ ಓದಾಕ ಬರ್ತೈತೇನ್ರಿ?"

"ನನ್ನ ತವರಮನಿ ಇಂಡಿ ಕಡೀದಲ್ರಿ? ಕನ್ನಡ ಸಾಲಿ ಕಲತಾಕಿ ನಾ. ನೀವು ಯಾವಾಗ ಕೇಳಿದ್ರಿ?"

"ಅಂದ್ರ ಆ ಮಾವುತ..."

"ಖಜಾನಿ ಬಾಗಲದಾಗ ಆನಿ ನಿಂತಾಗನ ಸಂಶೆ ಬಂತು. ಡಾಕ್ಟರು ಓದ್ರಿ ಅಂದ ಮ್ಯಾಲ, ನೀವು ಬ್ಯಾಂಕಿಗೆ ಹೋದಾಗ ಪುಸ್ತಕ ತಗದು ನೋಡಿದೆ. ನೀವು ಅಷ್ಟು ಉಮೇದಿಲೆ ಓದಾಕತ್ತಿದ್ರಿ, ನಿಮ್ಮ ಮಾರಿ ಸಣ್ಣ ಮಾಡಬಾರದು ಅಂತ ಹೌಹಾರಿದಂಗ ಮಾಡಿದೆ." ಆಮೇಲೆ ಕೈಯಲ್ಲಿದ್ದ ಪುಸ್ತಕ ಎತ್ತಿ, "ಇದರಾಗ ಖೂನಿ ಮಾಡಿದಾಂವ ಯಾರಂದ್ರ..." ಎಂದು ಶುರುಮಾಡಿದರು. ನಾನು ಎರಡೂ ಕಿವಿ ಮುಚ್ಚಿಕೊಂಡು ಅಡುಗೆಮನೆಗೆ ಓಡಿದೆ.

ಆದಿತವಾರ ಪಾರಾಯಣಕ್ಕೆ ಕೂತೆ. ಪುಸ್ತಕದ ಮೇಲೆ ಒಂದು ಕಣ್ಣು, ಅತ್ತೆಯವರ ಮುಖದ ಮೇಲೆ ಇನ್ನೊಂದು. ಅರಮನೆಯ ಬಾಣಸಿಗ ಬಂದಾಗಲೆಲ್ಲ ಅವರು ಕೆಮ್ಮುತ್ತಿದ್ದರು. ಸಿಕ್ಕಿಬಿದ್ದ ಬಾಣಸಿಗ ಎಂದು ಒಳಗೊಳಗೇ ಬೀಗಿದೆ. ಸುಳಿವಿನ ಉಪಕಾರ ತೀರಿಸಲೆಂದು ಅಧ್ಯಾಯ ಮುಗಿದೊಡನೆ ಎದ್ದುಹೋಗಿ ಶುಂಠಿ ಕಷಾಯ ಮಾಡಿಕೊಟ್ಟೆ. ಕೊನೆಯ ಪುಟದಲ್ಲಿ ನೋಡಿದರೆ ಕೊಲೆಗಾರ ವೈದ್ಯ. ನಾನು ಬೆಚ್ಚಿಬಿದ್ದೆ. ತಲೆಯೆತ್ತಿದಾಗ ಅತ್ತೆಯವರು ಕಷಾಯದ ಲೋಟ ಹಿಡಿದುಕೊಂಡು ನನ್ನ ಮುಖವನ್ನೇ ಕಣ್ತುಂಬ ನೋಡುತ್ತಿದ್ದರು.