ಯಜಮಾನರ ಗಾಡಿ ರೆಡಿಯಾಯಿತು

ಕನ್ನಡಕದ ಅಂಗಡಿಯ ಯಜಮಾನರು ಅವತ್ತು ಬೆಳಿಗ್ಗೆ ಕಾಫಿ ಲೋಟವನ್ನು ಊಟದ ಮೇಜಿನ ಮೇಲೆ ಕುಕ್ಕಿ, ರಾಜಾಜ್ಞೆ ಹೊರಡಿಸುವವರ ಗತ್ತಿನಲ್ಲಿ ಘೋಷಿಸಿದರು: "ಇನ್ನು ಮೇಲೆ ಈ ಮನೆ ಹೆಂಗಸು ಬೆಟ್ಟದ ದಾರೀಲಿ ಗಾಡಿ ಇಳಿದು ನಡೀಬಾರದು. ನಾನು ಬಿಡಲ್ಲ!"

ಆ ಮನೆಯಲ್ಲಿದ್ದ ಹೆಂಗಸು ಒಬ್ಬಳೇ, ಅವರ ಹೆಂಡತಿ. ಅವಳು ಒಣಗಿದ ಬಟ್ಟೆ ಮಡಿಸುತ್ತಾ, ತಲೆ ಎತ್ತದೆ, "ನಡೆದ್ರೆ ಏನಾಯ್ತೀಗ? ಒಂದು ತಿರುವು ನಡೆದೆ, ಅಷ್ಟೇ ತಾನೆ" ಎಂದಳು.

ಅಷ್ಟೇ ತಾನೆ! ಯಜಮಾನರ ಮಟ್ಟಿಗೆ ಅದು ಮಾನ ಹರಾಜಾದ ಪ್ರಸಂಗ. ಹಿಂದಿನ ಸಲ ಹೆಂಡತಿಯ ಅಕ್ಕನ ಮನೆಗೆ ಹೋಗುವಾಗ, ಬೆಟ್ಟದ ಅತಿ ಕಡಿದಾದ ತಿರುವಿನಲ್ಲಿ, ಇಬ್ಬರನ್ನೂ ಪೆಟ್ಟಿಗೆಗಳನ್ನೂ ಹೊತ್ತಿದ್ದ ಅವರ ಆನೆಯಂಥ ಟೂರಿಂಗ್ ಬೈಕು ಕೆಮ್ಮಿತು, ಸೀನಿತು, ನಿಂತೇ ಹೋಯಿತು. ಹೆಂಡತಿ ಇಳಿದು ಹೆಲ್ಮೆಟ್ಟನ್ನು ಕಂಕುಳಲ್ಲಿಟ್ಟುಕೊಂಡು ಮುಂದೆ ಮುಂದೆ ನಡೆದಳು. ಯಜಮಾನರು ಗಾಡಿಯನ್ನು ಗುರುಗುಟ್ಟಿಸುತ್ತಾ ಹಿಂದೆ ಹಿಂದೆ ಹತ್ತಿದರು. ಪಕ್ಕದಲ್ಲಿ ಹಾದುಹೋದ ಲಾರಿಯ ಡ್ರೈವರ್ ಸುಮ್ಮನೆ ಹೋಗಬಾರದೆ? ಮುಸಿಮುಸಿ ನಕ್ಕುಬಿಟ್ಟ. ಆ ನಗು ಅವರ ಎದೆಯೊಳಗೆ ಮುಳ್ಳಾಗಿ ಕೂತುಬಿಟ್ಟಿತು.

ಗಾಡಿ ಬಿಟ್ಟು ಬೇರೆ ಯಾವುದರಲ್ಲಾದರೂ ಹೋಗೋಣವೆಂದರೆ ಅದೂ ಇಲ್ಲ. ಹೆಂಡತಿಗೆ ಬಸ್ಸೂ ಆಗಿಬರುವುದಿಲ್ಲ, ಕಾರೂ ಆಗಿಬರುವುದಿಲ್ಲ. ಬಾಗಿಲು ಮುಚ್ಚಿದ ವಾಹನ ಒಂದು ತಿರುವು ತಿರುಗಿದರೆ ಸಾಕು, ಹೊಟ್ಟೆಯಲ್ಲಿದ್ದದ್ದೆಲ್ಲ ಹೊರಗೆ. ಮುಖಕ್ಕೆ ಗಾಳಿ ಬೀಸುತ್ತಿರಬೇಕು, ಮುಂದೆ ಗಂಡನ ಬೆನ್ನಿರಬೇಕು. ಅಷ್ಟಿದ್ದರೆ ಅವಳು ಭೂಮಂಡಲವನ್ನೇ ಸುತ್ತಿಬರುತ್ತಾಳೆ.

ಈಗ ಅಕ್ಕನ ಮನೆಗೆ ಹೋಗಲೇಬೇಕಾಗಿತ್ತು. ತಾಯಿ ತೀರಿಕೊಂಡಾಗ ಇವಳು ಜಡೆ ಹಾಕಿಕೊಳ್ಳಲೂ ಬಾರದ ಪುಟ್ಟ ಹುಡುಗಿ. ಜಡೆ ಹಾಕಿ, ಉಣ್ಣಿಸಿ, ಓದಿಸಿ, ಮದುವೆ ಮಾಡಿ ಕಳಿಸಿದ್ದು ಆ ಅಕ್ಕ. ಅಂಥ ಅಕ್ಕನಿಗೆ ಈಗ ಮರೆವಿನ ಕಾಯಿಲೆ. ಮೊದಲು ಒಲೆ ಆರಿಸುವುದನ್ನು ಮರೆತರು, ಆಮೇಲೆ ಮನೆಯ ದಾರಿ ಮರೆತರು, ಈಗ ಮನುಷ್ಯರನ್ನು ಒಬ್ಬೊಬ್ಬರನ್ನಾಗಿ ಮರೆಯತೊಡಗಿದ್ದರು. ಅವರ ಮಗಳು ಫೋನು ಮಾಡಿ, "ಚಿಕ್ಕಮ್ಮ, ಅಮ್ಮನಿಗೆ ನಿನ್ನ ಗುರುತು ಇನ್ನೂ ಇದೆ. ಅದಿರೋವಾಗಲೇ ಒಂದ್ಸಲ ಬಂದು ಹೋಗು" ಎಂದಿದ್ದಳು.

ಬರುವ ಭಾನುವಾರವೇ ಹೋಗೋಣ ಎಂದು ಹೆಂಡತಿ ಹಟ ಹಿಡಿದಳು. ಯಜಮಾನರು ಕೇಳಬೇಕಲ್ಲ!

"ಇದೇ ಗಾಡೀಲಾ? ಮತ್ತೆ ಅದೇ ತಿರುವಲ್ಲಿ ನಿನ್ನ ನಡೆಸ್ಲಾ? ಸ್ವಲ್ಪ ತಡಿ. ಒಂದು ಸೈಲೆನ್ಸರ್ ಬದಲಾಯಿಸಿಬಿಡ್ತೀನಿ, ಆಮೇಲೆ ನೋಡು."

ಒಂದು ಸೈಲೆನ್ಸರ್. ಮಹಾಯುದ್ಧಗಳು ಶುರುವಾಗುವುದೇ ಹೀಗೆ, ಇಷ್ಟು ಸಣ್ಣದಾಗಿ.

ಇಲ್ಲಿ ಯಜಮಾನರ ಕಸುಬಿನ ಬಗ್ಗೆ ಒಂದು ಮಾತು ಹೇಳಬೇಕು. ಗಿರಾಕಿ ಕನ್ನಡಕದ ಒಂದು ಗಾಜು ಒಡೆದುಕೊಂಡು ಬಂದರೆ ಅವರು ಆ ಒಂದನ್ನೇ ಹಾಕಿಕೊಟ್ಟ ಚರಿತ್ರೆಯೇ ಇಲ್ಲ. ಎರಡನ್ನೂ ಬದಲಾಯಿಸುತ್ತಾರೆ. ಹೊಸ ಗಾಜಿನ ಪಕ್ಕದಲ್ಲಿ ಹಳೆಯದಿದ್ದರೆ ಎರಡು ಕಣ್ಣೂ ಜಗಳಕ್ಕೆ ಬೀಳುತ್ತವೆಯಂತೆ. ಒಂದಕ್ಕೊಂದು ಹೊಂದಬೇಕು ಎಂಬುದು ಅವರ ವೇದವಾಕ್ಯ. ಫ್ರೇಮಿಗೆ ಮೂಗು ಹೊಂದದಿದ್ದರೆ ಮೂಗನ್ನೇ ಬದಲಾಯಿಸಲು ಹೇಳಿಯಾರು, ಅಂಥ ಆಸಾಮಿ. ಈ ವೇದವಾಕ್ಯ ಈಗ ಗಾಡಿಯ ಬೆನ್ನು ಹತ್ತಿತು.

ಗಾಡಿ ನೋಡಿಕೊಳ್ಳುತ್ತಿದ್ದವನು ಬೀದಿಯ ಕೊನೆಯ ಗ್ಯಾರೇಜಿನ ಮೆಕ್ಯಾನಿಕ್. ಉದ್ದನೆಯ ಸ್ಕ್ರೂಡ್ರೈವರಿನ ತುದಿಯನ್ನು ಇಂಜಿನ್ನಿಗೂ ಹಿಡಿಯನ್ನು ತನ್ನ ಕಿವಿಗೂ ಒತ್ತಿಕೊಂಡು, ಕಣ್ಣು ಮುಚ್ಚಿ ಕಾಯಿಲೆ ಹೇಳುವ ಅವನ ಪದ್ಧತಿಯಿಂದಾಗಿ ಎಲ್ಲರ ಬಾಯಲ್ಲೂ ಅವನು ಡಾಕ್ಟರು. ಡಾಕ್ಟರು ಹೊಸ ಸೈಲೆನ್ಸರ್ ಕೂರಿಸಿದರು. ಹೊಳಪೇನು, ನಯವೇನು! ಯಜಮಾನರು ಜಂಭದಿಂದ ಬೀದಿಯಲ್ಲಿ ಒಂದು ಸುತ್ತು ಹೊರಟರು. ಮೂಲೆಯಲ್ಲಿ ಆಕ್ಸಿಲರೇಟರ್ ಬಿಟ್ಟರು ನೋಡಿ, ಢಮಾರ್! ಎದುರು ಮಹಡಿಯ ಹಲ್ಲಿನ ಕ್ಲಿನಿಕ್ಕಿನಲ್ಲಿ ಯಾರದೋ ಬಾಯೊಳಗೆ ಕೈಯಿಟ್ಟಿದ್ದ ವೈದ್ಯೆ ಬೆಚ್ಚಿ, ನೋವಿಲ್ಲದ ಹಲ್ಲಿಗೆ ಸೂಜಿ ಚುಚ್ಚಿಬಿಟ್ಟರಂತೆ. ಆ ರೋಗಿ ಅರ್ಧ ಮುಖ ಜೋಮು ಹಿಡಿದ ಸ್ಥಿತಿಯಲ್ಲೇ ಕೆಳಗಿಳಿದು ಬಂದು ಯಜಮಾನರನ್ನು ಬೈದ. ಏನು ಬೈದ ಎಂದು ಯಾರಿಗೂ ಅರ್ಥವಾಗಲಿಲ್ಲ, ಬೈದದ್ದು ಮಾತ್ರ ಎಲ್ಲರಿಗೂ ಗೊತ್ತಾಯಿತು.

ಡಾಕ್ಟರು ಸ್ಕ್ರೂಡ್ರೈವರ್ ಕಿವಿಗಿಟ್ಟು ರೋಗನಿದಾನ ಹೇಳಿದರು. ಹೊಗೆ ಹೋಗುವ ದಾರಿ ಅಗಲವಾಗಿದೆ, ಗಾಳಿ ಬರುವ ದಾರಿ ಇಕ್ಕಟ್ಟಾಗಿದೆ, ಏರ್ ಫಿಲ್ಟರೂ ಬದಲಾಗಬೇಕು. ಒಂದಕ್ಕೊಂದು ಹೊಂದಬೇಕಲ್ಲ! ಯಜಮಾನರಿಗೆ ತಮ್ಮ ಮಾತೇ ಬೇರೆಯವರ ಬಾಯಿಂದ ಕೇಳಿ ಖುಷಿಯೋ ಖುಷಿ. ಏರ್ ಫಿಲ್ಟರ್ ಬಂತು. ಗಾಳಿ ಜಾಸ್ತಿಯಾಯಿತು, ಪೆಟ್ರೋಲು ಸಾಲದಾಯಿತು, ಇಂಜಿನ್ನು ಜ್ವರ ಬಂದವರ ಹಾಗೆ ಕಾಯತೊಡಗಿತು. ಸರಿ, ಎಷ್ಟು ಗಾಳಿಗೆ ಎಷ್ಟು ಪೆಟ್ರೋಲು ಎಂದು ಗಾಡಿಯ ಕಂಪ್ಯೂಟರಿಗೆ ಹೊಸದಾಗಿ ಪಾಠ ಹೇಳಿಸಿದ್ದಾಯಿತು. ಈಗ ಗಾಡಿ ಸಮತಟ್ಟಿನಲ್ಲಿ ಬಾಣದಂತೆ ಹಾರಿತು. ಆದರೆ ಹೆಂಡತಿಯ ತೂಕಕ್ಕೆಂದು ಮೂಟೆಗಳನ್ನು ಕಟ್ಟಿಕೊಂಡು ಸೇತುವೆಯ ಏರಿನಲ್ಲಿ ನಿಧಾನಕ್ಕೆ ಹತ್ತಿಸಿ ನೋಡಿದರೆ, ಮೊದಲಿಗಿಂತಲೂ ಕಡೆ. ಆ ಸೈಲೆನ್ಸರ್ ರೇಸಿನವರಿಗೆ ಮಾಡಿದ್ದಂತೆ. ವೇಗ ಕೊಡುತ್ತದೆ, ಎಳೆತ ಕೊಡುವುದಿಲ್ಲ.

ಅಷ್ಟು ಹೊತ್ತಿಗೆ ಎಷ್ಟು ಭಾನುವಾರಗಳು ಬಂದು ಹೋಗಿದ್ದವೋ. ಹೆಂಡತಿ ದಿನವೂ ಅಕ್ಕನಿಗೆ ಫೋನು ಮಾಡುತ್ತಿದ್ದಳು. ಗಾಡಿ ರೆಡಿ ಮಾಡಿಸ್ತಿದ್ದಾರೆ ಅಕ್ಕ, ಆದ ತಕ್ಷಣ ಬರ್ತೀವಿ ಎನ್ನುತ್ತಿದ್ದಳು. ಅಕ್ಕ ಆಗಲಿ ಕಣೇ ಎನ್ನುತ್ತಿದ್ದರು. ಮರುದಿನ ಮತ್ತೆ ಅದೇ ಮಾತು, ಅದೇ ಉತ್ತರ.

ಒಂದು ಸಂಜೆ ಯಜಮಾನರು ಊಟದ ಮೇಜಿನ ತುಂಬ ನಕ್ಷೆಗಳನ್ನು ಹರಡಿದ್ದರು. ಯಾವ ಸೈಲೆನ್ಸರಿಗೆ ಯಾವ ಕ್ಯಾಮ್ ಶಾಫ್ಟ್ ಹೊಂದುತ್ತದೆ ಎಂಬ ಮಹಾಶೋಧನೆ. ಕ್ಯಾಮ್ ಶಾಫ್ಟ್ ಅಂದರೆ ಇಂಜಿನ್ನಿನ ಬಾಗಿಲುಗಳು ಯಾವಾಗ ತೆರೆಯಬೇಕು, ಯಾವಾಗ ಮುಚ್ಚಬೇಕು ಎಂದು ಅಪ್ಪಣೆ ಕೊಡುವ ಉಕ್ಕಿನ ಸರಳು. ಅಂಥದ್ದೊಂದು ಆಗಲೇ ಬಂದು, ಹೆಂಡತಿಯ ಉಣ್ಣೆಯ ಶಾಲು ಹೊದ್ದು, ಕಪಾಟಿನಲ್ಲಿ ಬೆಚ್ಚಗೆ ಮಲಗಿತ್ತು. ಹೆಂಡತಿ ತಟ್ಟೆ ಇಡಲು ಜಾಗ ಹುಡುಕುತ್ತಾ ನಿಂತಳು. ಯಜಮಾನರು ಉತ್ಸಾಹದಿಂದ ಬೆರಳಿಟ್ಟು ತೋರಿಸಿದರು. ಈ ಕೆಂಪು ಗೆರೆ ವೇಗ, ಈ ನೀಲಿ ಗೆರೆ ಎಳೆತ, ನೀಲಿ ಗೆರೆ ಇಲ್ಲಿ ಮೊದಲಲ್ಲೇ ಎದ್ದು ನಿಂತರೆ ನಾವು ಗೆದ್ದಂತೆ.

ಹೆಂಡತಿ ಬಹಳ ಹೊತ್ತು ಆ ನಕ್ಷೆಯನ್ನೇ ನೋಡಿದಳು. "ಇದರಲ್ಲಿ ನಮ್ಮಕ್ಕನ ಮನೆ ಎಲ್ಲಿ ಬರುತ್ತೆ ರೀ?" ಎಂದಳು.

ಯಜಮಾನರು ನಕ್ಕರು. ಹೆಂಡತಿ ತಮಾಷೆ ಮಾಡುತ್ತಿದ್ದಾಳೆ ಎಂದುಕೊಂಡರು. ಬೇರೆಯವರ ಕಣ್ಣು ಪರೀಕ್ಷೆ ಮಾಡಿಯೇ ಹೊಟ್ಟೆ ಹೊರೆಯುವ ಮನುಷ್ಯನಿಗೆ ಎದುರಿಗೇ ನಿಂತವಳ ಮುಖ ಕಾಣಲಿಲ್ಲ.

ಕೊನೆಗೂ ಹೊಂದಿಕೆ ಕೂಡಿಬಂತು. ಆ ಕ್ಯಾಮ್ ಶಾಫ್ಟಿಗೆಂದೇ ಹುಟ್ಟಿದಂತಿದ್ದ ಉದ್ದನೆಯ ಸೈಲೆನ್ಸರ್, ಎರಡು ಕೊಳವೆ ಸೇರಿ ಒಂದಾಗಿ ಬಲಗಡೆಯಿಂದ ಹಿಂದಕ್ಕೆ ಹೋಗುವಂಥದ್ದು, ಸಿಕ್ಕಿತು. ಡಾಕ್ಟರು ಶಸ್ತ್ರಚಿಕಿತ್ಸೆಗೆ ಇಳಿದರು. ನಡುವೆ ಒಮ್ಮೆ ಅಂಗಡಿಗೆ ಫೋನು ಮಾಡಿದರು. ಹೊಸ ಕೊಳವೆಗೆ ಏನೋ ಒಂದು ಅಡ್ಡ ಬರುತ್ತಿದೆ ಎಂದು ಶುರುಮಾಡಿದರು. ಯಜಮಾನರು ಆಗ ಒಬ್ಬ ಅಜ್ಜಿಯ ಕಣ್ಣಿಗೆ ಒಂದಾದ ಮೇಲೊಂದು ಗಾಜು ಹಿಡಿಯುತ್ತಾ, ಇದು ಚೆನ್ನಾಗಿ ಕಾಣುತ್ತಾ, ಇದು ಚೆನ್ನಾಗಿ ಕಾಣುತ್ತಾ ಎಂದು ಕೇಳುತ್ತಿದ್ದರು.

"ಅಡ್ಡ ಬರೋದನ್ನೆಲ್ಲ ಕೊಯ್ದು ಬಿಸಾಕು. ಪ್ರತಿಯೊಂದಕ್ಕೂ ನನ್ನ ಕೇಳ್ತಾ ಕೂರಬೇಡ" ಎಂದು ಫೋನಿಟ್ಟರು.

ಅದೇ ವಾರ ಅಕ್ಕನ ಮಗಳ ಫೋನು ಬಂತು. ಅಕ್ಕ ಈಗ ಫೋನಿನ ಹತ್ತಿರ ಬರುವುದನ್ನೇ ಬಿಟ್ಟಿದ್ದರು. ಮಗಳನ್ನೇ ಯಾರೋ ನರ್ಸು ಎಂದುಕೊಂಡಿದ್ದರಂತೆ. ಹೆಂಡತಿ ಅಳಲಿಲ್ಲ. ಚೀಲಕ್ಕೆ ಬಟ್ಟೆ ತುಂಬಿದಳು, ಹೆಲ್ಮೆಟ್ಟಿನ ಧೂಳು ಒರೆಸಿದಳು, ನಾಳೆ ಬೆಳಿಗ್ಗೆ ಹೊರಡೋದು ಎಂದಳು ಅಷ್ಟೇ. ಗಾಡಿ ರೆಡಿ ಎಂದು ಡಾಕ್ಟರೂ ಹೇಳಿ ಕಳಿಸಿದರು. ನೋಡಿದೆಯಾ, ಸರಿಯಾದ ಸಮಯಕ್ಕೆ ಆಯಿತು ಎಂದು ಯಜಮಾನರು ಎದೆಯುಬ್ಬಿಸಿದರು.

ಬೆಳಿಗ್ಗೆ ಗಾಡಿ ಬಾಗಿಲಿಗೆ ಬಂತು. ಸದ್ದು ಗಂಭೀರ, ಗತ್ತು ಅಪಾರ. ಹೆಂಡತಿ ಯಜಮಾನರ ಭುಜ ಹಿಡಿದು ಹತ್ತಿ ಕೂತಳು. ಎಡಗಾಲು ಅದರ ಜಾಗಕ್ಕೆ ಹೋಯಿತು. ಬಲಗಾಲು ಗಾಳಿಯಲ್ಲಿ ಅತ್ತ ಇತ್ತ ತಡಕಾಡಿತು.

"ರೀ, ಈ ಕಾಲು ಎಲ್ಲಿಡಲಿ?"

ಯಜಮಾನರು ಬಗ್ಗಿ ನೋಡಿದರು. ಹಿಂದೆ ಕೂರುವವರು ಕಾಲಿಡುವ ಫುಟ್‌ರೆಸ್ಟ್ ಇದ್ದ ಜಾಗದಲ್ಲಿ, ಥಳಥಳ ಹೊಳೆಯುತ್ತಾ, ಆ ಕೊಳವೆ ಮಲಗಿತ್ತು. ಫುಟ್‌ರೆಸ್ಟ್ ಇಲ್ಲ, ಅದನ್ನು ಹಿಡಿದಿದ್ದ ಕಬ್ಬಿಣವೂ ಇಲ್ಲ. ಅಡ್ಡ ಬಂದದ್ದು ಅದೇ. ಯಾರನ್ನು ಹತ್ತಿಸಲೆಂದು ಇಷ್ಟೆಲ್ಲ ಹೊಂದಿಸಿದ್ದರೋ, ಅವಳ ಕಾಲಿನ ಜಾಗವನ್ನೇ ಕೊಯ್ದು ಬಿಸಾಕಿಸಿದ್ದರು.

ಡಾಕ್ಟರನ್ನು ಎಬ್ಬಿಸಿ ಕರೆತಂದರು. ಹಳೆಯ ಸೈಲೆನ್ಸರನ್ನೇ ತಿರುಗಿ ಹಾಕು ಎಂದು ಗೋಗರೆದರು. ಅದು ಹಾಕಿದರೆ ಕ್ಯಾಮ್ ಶಾಫ್ಟ್ ಹೊಂದುವುದಿಲ್ಲ, ಅದನ್ನು ತೆಗೆದರೆ ಕಂಪ್ಯೂಟರ್ ಹೊಂದುವುದಿಲ್ಲ, ಎಲ್ಲ ಮೊದಲಿನಿಂದ ಆಗಬೇಕು ಎಂದರು ಡಾಕ್ಟರು. ಹೆಂಡತಿ ಮಾತ್ರ ಇಳಿಯಲಿಲ್ಲ. ಕಾಲು ಎತ್ತಿ ಹಿಡಿದುಕೊಂಡೇ ಕೂರುತ್ತೇನೆ, ಹೊರಡಿ ಎಂದಳು. ಹೊರಟರು. ಬೀದಿಯ ಕೊನೆಗೆ ಹೋಗುವಷ್ಟರಲ್ಲಿ ಅವಳ ಕಾಲು ಸೋತು ಕೆಳಗೆ ಬಂತು, ಚಪ್ಪಲಿ ಕಾದ ಕೊಳವೆಗೆ ಅಂಟಿ ಸುಟ್ಟ ವಾಸನೆ ಎದ್ದಿತು. ಅವಳು ಇಳಿದಳು. ಅರ್ಧ ಕರಗಿದ ಚಪ್ಪಲಿಯಲ್ಲೇ ಬಸ್ ನಿಲ್ದಾಣದ ಕಡೆಗೆ ನಡೆದಳು.

ಹೀಗೆ ಶುರುವಾಯಿತು ಆ ದಿಗ್ವಿಜಯ ಯಾತ್ರೆ. ಮುಂದೆ ಬಸ್ಸು, ಬಸ್ಸಿನ ಕಿಟಕಿಯಲ್ಲಿ ಹೆಂಡತಿಯ ತಲೆ. ಹಿಂದೆ ಗಾಡಿಯ ಮೇಲೆ ಯಜಮಾನರು, ಅವರ ಬೆನ್ನ ಹಿಂದೆ ಯಾರೂ ಇಲ್ಲ. ಬೆಟ್ಟ ಶುರುವಾದದ್ದೇ ತಡ, ಗಾಡಿ ಹತ್ತಿತು ನೋಡಿ! ಅಂಥ ಎಳೆತವನ್ನು ಅವರು ಹುಟ್ಟಿದಾಗಿನಿಂದ ಕಂಡಿರಲಿಲ್ಲ. ಬಸ್ಸು ಏದುಸಿರು ಬಿಡುತ್ತಿದ್ದರೆ ಗಾಡಿ ಇನ್ನೂ ಕೊಡು, ಇನ್ನೂ ಕೊಡು ಎನ್ನುತ್ತಿತ್ತು. ಅವರು ಅದನ್ನು ಹಿಡಿದು ಹಿಡಿದು ಬಸ್ಸಿನ ಹಿಂದೆಯೇ ಇಟ್ಟುಕೊಂಡರು. ಪ್ರತಿ ತಿರುವಿನಲ್ಲೂ ಹೆಂಡತಿಯ ತಲೆ ಕಿಟಕಿಯಿಂದ ಹೊರಗೆ ಬಾಗುತ್ತಿತ್ತು. ಹೊಟ್ಟೆಯಲ್ಲಿ ಏನೂ ಉಳಿದಿರಲಾರದು ಅನ್ನಿಸಿದ ಮೇಲೂ ಬಾಗುತ್ತಿತ್ತು. ಹಿಂದಿನ ಸಲ ನಿಂತುಹೋಗಿದ್ದ ತಿರುವು ಬಂದದ್ದೂ ಗೊತ್ತಾಗಲಿಲ್ಲ, ದಾಟಿದ್ದೂ ಗೊತ್ತಾಗಲಿಲ್ಲ. ಹೆಲ್ಮೆಟ್ಟಿನ ಗಾಜಿನೊಳಗೆ ಯಜಮಾನರು ಅಳುತ್ತಿದ್ದರು.

ಬೆಟ್ಟದ ನೆತ್ತಿಯಲ್ಲಿ ಬಸ್ಸು ನಿಂತಿತು. ಅವರು ನೀರು ತಂದು ಅವಳ ಮುಖ ತೊಳೆಸಿದರು. ಕ್ಷಮೆ ಕೇಳಬೇಕೆಂದು ಬಾಯಿ ತೆರೆದರು. ಅವಳು ಸೆರಗಿನಿಂದ ಮುಖ ಒರೆಸಿಕೊಂಡು, ಸಣ್ಣ ದನಿಯಲ್ಲಿ, "ಗಾಡಿ ಚೆನ್ನಾಗಿ ಎಳೀತಿದೆ. ಕಿಟಕೀಲಿ ನೋಡ್ತಾ ಇದ್ದೆ" ಎಂದಳು. ಬೈದಿದ್ದರೂ ಅವರಿಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಅಕ್ಕನ ಮನೆಯಲ್ಲಿ ಅಕ್ಕ ಬಾಗಿಲಿಗೆ ಎದುರಾಗಿ ಕುರ್ಚಿಯಲ್ಲಿ ಕೂತಿದ್ದರು. ಹೆಂಡತಿ ಹೋಗಿ ಅವರ ಕಾಲ ಬಳಿ ನೆಲದ ಮೇಲೆ ಕುಸಿದು, ಎರಡೂ ಕೈ ಹಿಡಿದುಕೊಂಡು, "ಅಕ್ಕ, ಬಂದೆ ಕಣೇ" ಎಂದಳು.

ಅಕ್ಕ ಅವಳನ್ನು ನೋಡಿದರು. ಮನೆಗೆ ಬಂದ ಅತಿಥಿಯನ್ನು ನೋಡುವಂತೆ, ಸೌಜನ್ಯದಿಂದ ನೋಡಿದರು.

"ಬನ್ನಿ, ಮೇಲೆ ಕೂತ್ಕೊಳ್ಳಿ. ನೆಲ ತಣ್ಣಗಿದೆ. ಬಸ್ಸಲ್ಲಿ ಬಂದ್ರಾ? ಪಾಪ, ಎಷ್ಟು ಸುಸ್ತಾಗಿದೀರಿ. ನನ್ನ ತಂಗೀಗೂ ಹೀಗೇ, ಬಸ್ಸು ಆಗಲ್ಲ. ಅವಳು ಗಂಡನ ಗಾಡೀಲೇ ಬರೋದು. ಗಾಡಿ ರೆಡಿ ಮಾಡಿಸ್ತಿದ್ದಾರಂತೆ, ಆದ ತಕ್ಷಣ ಬರ್ತಾಳೆ."

ಹೆಂಡತಿ ಆ ಕೈಗಳ ಮೇಲೆ ಹಣೆಯಿಟ್ಟುಕೊಂಡಳು. ಅವಳ ಭುಜ ಅಲುಗುತ್ತಿತ್ತು. ಅಕ್ಕ, ಯಾರೋ ಏನೋ ಪಾಪ ಎಂಬಂತೆ, ಅವಳ ತಲೆ ಸವರುತ್ತಾ ಬಾಗಿಲ ಕಡೆ ನೋಡಿದರು. ಅಲ್ಲಿ ಹೆಲ್ಮೆಟ್ಟು ಹಿಡಿದು ಯಜಮಾನರು ನಿಂತಿದ್ದರು.

"ನೀವೂ ಗಾಡಿಯೋರಾ? ಹಾಗಾದ್ರೆ ನಿಮಗೆ ಗೊತ್ತಿರುತ್ತೆ. ಒಂದು ಗಾಡಿ ರೆಡಿ ಆಗೋಕೆ ಎಷ್ಟು ದಿನ ಬೇಕು?"

ಯಜಮಾನರು, "ಆಗಿದೆ ಅಕ್ಕ. ಹೊರಟಿದ್ದಾರೆ" ಎಂದರು.

ಅಕ್ಕನ ಮುಖ ಅರಳಿತು. "ಅವಸರ ಮಾಡ್ಬೇಡಿ ಅಂತ ಹೇಳಿ ಅವರಿಗೆ. ಬೆಟ್ಟದ ದಾರಿ, ನಿಧಾನಕ್ಕೇ ಬರ್ಲಿ. ನಾನೆಲ್ಲಿ ಹೋಗ್ತೀನಿ" ಎಂದರು.